ಮಳೆಗಾಲದಲ್ಲಿ ಕೋವಿಯ ಆರೈಕೆ: ಕೈಲ್ ಪೊಳ್ದ್‌ಗೆ ಮೊದಲು ಮತ್ತು ಆಮೇಲೆ

ಜೂನ್‌ನಲ್ಲಿ ಮಳೆ ಹಿಡಿಯಿತು ಅಂದ್ರೆ ಕೊಡಗಿನ ಮನೆಗಳಲ್ಲಿ ಬಟ್ಟೆ ಒಣಗುವುದಿಲ್ಲ, ಡಬ್ಬಿಯೊಳಗಿನ ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಅದೇ ಮನೆಯ ಬೀರುವಿನಲ್ಲಿ ಕೋವಿಯೂ ಇರುತ್ತದೆ. ಅದನ್ನು ನೆನಪು ಮಾಡಿಕೊಳ್ಳುವುದು ಮಾತ್ರ ನಾಟಿ ಕೆಲಸ ಮುಗಿದು, ಸೆಪ್ಟೆಂಬರ್ ಮೊದಲ ವಾರ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂದಾಗ. ಅಷ್ಟರಲ್ಲಿ ಮೂರು ತಿಂಗಳ ತೇವ ತನ್ನ ಕೆಲಸ ಮುಗಿಸಿರುತ್ತದೆ. ಹಬ್ಬದ ಹಿಂದಿನ ದಿನ ಗಡಿಬಿಡಿಯಲ್ಲಿ ಮರಳು ಕಾಗದ ಹಾಕಿ ಉಜ್ಜಿದರೆ ತುಕ್ಕು ಹೋಗುತ್ತದೆ ನಿಜ. ಜೊತೆಗೆ ನಳಿಕೆಯ ಬಣ್ಣವೂ ಹೋಗುತ್ತದೆ, ಮುಂದಿನ ವರ್ಷ ತುಕ್ಕು ಇನ್ನೂ ಬೇಗ ಬರುತ್ತದೆ.

ಅಜ್ಜನ ಕಾಲದ ಎಷ್ಟೋ ಒಳ್ಳೆಯ ಜೋಡಿ ನಳಿಕೆ ಕೋವಿಗಳು ಹೀಗೆಯೇ ಹಾಳಾಗಿವೆ. ಗುಂಡು ಹೊಡೆದು ಸವೆದ ಕೋವಿ ನಮ್ಮಲ್ಲಿ ಕಡಿಮೆ, ಇಟ್ಟಲ್ಲೇ ತುಕ್ಕು ತಿಂದದ್ದೇ ಜಾಸ್ತಿ. ಅದಕ್ಕೇ ನನ್ನ ಸಲಹೆ ಇದು: ವರ್ಷಕ್ಕೊಮ್ಮೆ ದೊಡ್ಡ ಶುಚಿ ಕೆಲಸ ಇಟ್ಟುಕೊಳ್ಳುವ ಬದಲು ಮಳೆ ಶುರುವಾಗುವ ಮೊದಲು ಒಂದು ಸಲ ಸರಿಯಾಗಿ ಮಾಡಿ. ಮಳೆಯ ನಡುವೆ ಹದಿನೈದು ದಿನಕ್ಕೊಮ್ಮೆ ಸುಮ್ನೆ ಒರೆಸಿಡಿ. ಹಬ್ಬಕ್ಕೆ ಮೊದಲು ಒಂದು ಸಲ, ಪೂಜೆ ಮುಗಿದ ದಿನವೇ ಇನ್ನೊಂದು ಸಲ ನೋಡಿ. ಈ ಕೊನೆಯದನ್ನೇ ಹೆಚ್ಚಿನವರು ಬಿಡುವುದು.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್‌ನಿಂದ ವಿನಾಯಿತಿ ಇರುವುದು ಬ್ರಿಟಿಷರ ಕಾಲದಿಂದ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆದರೆ ಈ ವಿನಾಯಿತಿ ಕೋವಿ ಹೊಂದಿರುವುದಕ್ಕೆ ಮಾತ್ರ. ಸೀಸ ಕರಗಿಸಿ ಗುಂಡು ಎರಕ ಹೊಯ್ಯುವುದು, ಹಳೆ ಅಲ್ಯೂಮಿನಿಯಂ ತಗಡು ಕತ್ತರಿಸಿ ಗುಂಡಿನ ಬುಡಕ್ಕೆ ಬಿಲ್ಲೆ ಮಾಡುವುದು, ಖಾಲಿ ತೋಟೆಗೆ (ಕಾರ್ಟ್ರಿಡ್ಜ್) ಮತ್ತೆ ಮದ್ದು ತುಂಬುವುದು, ಇವೆಲ್ಲ ತಯಾರಿಕೆಯ ಲೆಕ್ಕಕ್ಕೆ ಬರುತ್ತವೆ. ಅದಕ್ಕೆ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು. ಮನೆಯಲ್ಲಿ ಮಾಡಲು ಹೋಗಬೇಡಿ. ತೋಟೆ ಬೇಕಿದ್ದರೆ ಅಧಿಕೃತ ಅಂಗಡಿಯಿಂದ ತನ್ನಿ. ಮನೆಯಲ್ಲಿ ನಾವು ಮಾಡಬೇಕಾದ, ಮಾಡಬಹುದಾದ ಕೆಲಸ ಕೋವಿಯ ಆರೈಕೆ.

ಮುಟ್ಟುವ ಮೊದಲು

ಕೋವಿ ಕೈಗೆ ತೆಗೆದುಕೊಂಡ ಕೂಡಲೇ ನಳಿಕೆಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ ಮುರಿದು, ಅಂದರೆ ಕೀಲಿನಲ್ಲಿ ಮಡಚಿ ತೆರೆದು, ನೋಡಿ. ತೋಟೆ ಕೂರುವ ಎರಡೂ ಗೂಡು ಖಾಲಿ ಇವೆಯೇ ಎಂದು ಕಣ್ಣಿನಿಂದ ನೋಡಿದರೆ ಸಾಲದು, ಕಿರುಬೆರಳು ಹಾಕಿ ಮುಟ್ಟಿ ನೋಡಿ. ಕತ್ತಲೆ ಕೋಣೆಯಲ್ಲಿ, ಕರೆಂಟ್ ಇಲ್ಲದ ಮಳೆಗಾಲದ ಸಂಜೆಯಲ್ಲಿ ಕಣ್ಣು ಮೋಸ ಹೋಗುತ್ತದೆ. ತೋಟೆಗಳನ್ನು ಬೇರೆ ಕೋಣೆಯಲ್ಲಿಡಿ. ಶುಚಿ ಮಾಡುವ ಜಾಗದಲ್ಲಿ ಒಂದೇ ಒಂದು ತೋಟೆಯೂ ಇರಬಾರದು. ಮಕ್ಕಳು ಸುತ್ತ ಕೂತು ನೋಡಲಿ, ತೊಂದರೆ ಇಲ್ಲ, ಆದರೆ ಈ ಮೊದಲ ಹೆಜ್ಜೆಯನ್ನು ಅವರಿಗೆ ಕಾಣುವ ಹಾಗೆ ಮಾಡಿ. ಅವರು ಕಲಿಯುವುದು ಅಲ್ಲಿಂದಲೇ.

ಬಾಯಿಯ ಕಡೆಯಿಂದ ಮದ್ದು ತುಂಬಿ, ಕೇಪು (ಕಿಡಿ ಕೊಡುವ ಸಣ್ಣ ಟೋಪಿ) ಇಟ್ಟು ಹೊಡೆಯುವ ಕೇಪಿನ ಕೋವಿಯನ್ನು ಹೀಗೆ ಮುರಿಯಲು ಬರುವುದಿಲ್ಲ. ಅದು ಖಾಲಿ ಇದೆಯೇ ಎಂದು ತಿಳಿಯಲು ಗಜ, ಅಂದರೆ ನಳಿಕೆಯೊಳಗೆ ಇಳಿಸುವ ಉದ್ದ ಕೋಲು, ಬೇಕು. ಮೊದಲು ಕೇಪು ಇಲ್ಲ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ನಳಿಕೆಯ ಬಾಯಿಗೆ ಮುಖವಾಗಲಿ ಕೈಯಾಗಲಿ ಅಡ್ಡ ಬಾರದಂತೆ ಪಕ್ಕದಲ್ಲಿ ನಿಂತು ಗಜವನ್ನು ನಿಧಾನಕ್ಕೆ ಒಳಗೆ ಇಳಿಸಿ. ಬಾಯಿಯ ಮಟ್ಟಕ್ಕೆ ಗಜದ ಮೇಲೆ ಸೀಸದ ಕಡ್ಡಿಯಿಂದ ಗುರುತು ಹಾಕಿ. ಹೊರತೆಗೆದು ಅದೇ ಗುರುತನ್ನು ಬಾಯಿಗೆ ಸರಿಯಾಗಿ ಹಿಡಿದು, ಗಜವನ್ನು ನಳಿಕೆಯ ಹೊರಮೈಗೆ ಒತ್ತಿ ಇಟ್ಟು ನೋಡಿ. ತುದಿ ಕೇಪು ಕೂರಿಸುವ ಮೊಲೆಯ ಹತ್ತಿರಕ್ಕೆ ಬಂದರೆ ಕೋವಿ ಖಾಲಿ. ಎರಡು ಮೂರು ಬೆರಳು ಮುಂಚೆಯೇ ನಿಂತರೆ ಒಳಗೆ ಏನೋ ಇದೆ. ಹಳೆ ಮದ್ದಿಗೆ ಜೀವ ಇರುವುದಿಲ್ಲ ಅನ್ನುವ ಮಾತು ನಂಬಬೇಡಿ. ಕರಿಮದ್ದು ಎಷ್ಟೋ ವರ್ಷ ಕಳೆದರೂ ಹೊತ್ತಿಕೊಳ್ಳುತ್ತದೆ. ಕೆದಕುವುದು, ಹೊಡೆದು ಖಾಲಿ ಮಾಡುವುದು ಎರಡೂ ಬೇಡ. ಲೈಸೆನ್ಸ್ ಇರುವ ಕೋವಿ ರಿಪೇರಿಯವರನ್ನು ಕೇಳಿ, ಅವರೇ ಇಳಿಸಿಕೊಡಲಿ.

ಬೇಕಾದ ಸಾಮಾನು

ಮೂರು ತುಂಡಿನ ಮರದ ಗಜ, ಹನ್ನೆರಡು ಬೋರಿನ (ಬೋರ್ ಅಂದರೆ ನಳಿಕೆಯ ಒಳಗಾತ್ರ) ಕಂಚಿನ ತಂತಿ ಬ್ರಶ್, ಉಣ್ಣೆಯ ಮಾಪ್, ಹಳೆಯ ಹತ್ತಿ ಬನಿಯನ್ ಅಥವಾ ಫ್ಲಾನೆಲ್ ಬಟ್ಟೆಯ ಅಂಗೈ ಅಗಲದ ಚೂರುಗಳು, ಒಂದು ಹಳೆ ಹಲ್ಲುಜ್ಜುವ ಬ್ರಶ್. ಕಬ್ಬಿಣದ ತಂತಿ ಬ್ರಶ್ ನಳಿಕೆಯೊಳಗೆ ಹಾಕಲೇಬಾರದು. ಕಂಚು ಉಕ್ಕಿಗಿಂತ ಮೆದು, ಕೊಳೆ ಕೆರೆಯುತ್ತದೆ, ನಳಿಕೆಯನ್ನು ಕೆರೆಯುವುದಿಲ್ಲ.

ಎಣ್ಣೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಎಷ್ಟೋ ಮನೆಗಳಲ್ಲಿ ಕೋವಿಗೆ ತೆಂಗಿನೆಣ್ಣೆ ಸವರುತ್ತಾರೆ. ಕೈಗೆ ಸಿಗುತ್ತದೆ, ಹೊಳೆಯುತ್ತದೆ, ಅಷ್ಟೇ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಡಿಕೇರಿಯಲ್ಲಿ ವರ್ಷದ ಹೆಚ್ಚಿನ ರಾತ್ರಿಗಳು ಅದಕ್ಕಿಂತ ತಣ್ಣಗಿರುತ್ತವೆ. ಒಳಗಿನ ಸ್ಪ್ರಿಂಗ್, ಪಿನ್ನುಗಳ ಸಂದಿಯಲ್ಲಿ ಅದು ಮೇಣದ ಹಾಗೆ ಕೂತುಬಿಡುತ್ತದೆ. ದಿನ ಕಳೆದ ಹಾಗೆ ಕಮಟು ಹಿಡಿದು ಹುಳಿಯಾಗುತ್ತದೆ, ಆ ಹುಳಿಯೇ ಲೋಹ ತಿನ್ನುತ್ತದೆ. ಅಡುಗೆಮನೆಯ ಯಾವ ಎಣ್ಣೆಯೂ ಬೇಡ. ಕೋವಿಗೆಂದೇ ಬರುವ ಎಣ್ಣೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆ ಸಾಕು. ಸ್ಪ್ರೇ ಡಬ್ಬಿಯಲ್ಲಿ ಬರುವ ಡಬ್ಲ್ಯೂಡಿ-40 ನೀರನ್ನು ಓಡಿಸಲು ಚೆನ್ನಾಗಿದೆ, ಒದ್ದೆಯಾದ ಕೋವಿಗೆ ಮೊದಲು ಅದನ್ನು ಹೊಡೆಯಿರಿ. ಆದರೆ ಮೂರು ತಿಂಗಳ ಮಳೆಗೆ ಅದರ ಪದರ ತೀರಾ ತೆಳು, ಮೇಲೆ ಎಣ್ಣೆ ಸವರಲೇಬೇಕು. ಕೊಳೆ ಬಿಡಿಸಲು ಸೀಮೆಎಣ್ಣೆ ನಡೆಯುತ್ತದೆ. ಬಳಸಿದ ಮೇಲೆ ಪೂರ್ತಿ ಒರೆಸಿ ತೆಗೆಯಿರಿ, ಅದನ್ನೇ ತುಕ್ಕಿನ ರಕ್ಷಣೆಗೆ ಅಂತ ಬಿಡಬೇಡಿ. ಪೆಟ್ರೋಲ್ ಮುಟ್ಟಬೇಡಿ, ಒಲೆ ಉರಿಯುವ ಮನೆಯಲ್ಲಿ ಅದರ ಆವಿ ಅಪಾಯ.

ನಳಿಕೆ

ಜೋಡಿ ನಳಿಕೆ ಕೋವಿಯಾದರೆ ನಳಿಕೆಯ ಕೆಳಗಿನ ಮರದ ತುಂಡನ್ನು ಬಿಡಿಸಿ, ನಳಿಕೆಯನ್ನು ಹಿಡಿಯಿಂದ ಬೇರೆ ಮಾಡಿ. ಗಜವನ್ನು ಯಾವಾಗಲೂ ತೋಟೆ ಹಾಕುವ ಕಡೆಯಿಂದ ಒಳಗೆ ತಳ್ಳಿ. ಬಾಯಿಯ ಕಡೆಯಿಂದ ತಳ್ಳಿದರೆ ಕೊಳೆಯೆಲ್ಲ ಗೂಡಿನ ಕಡೆಗೆ ಬಂದು ಸೇರುತ್ತದೆ, ಬಾಯಿಯ ಅಂಚೂ ಸವೆಯುತ್ತದೆ.

ಮೊದಲು ಒಣ ಬಟ್ಟೆ ಒಂದು ಸಲ. ಆಮೇಲೆ ಬ್ರಶ್‌ಗೆ ಸೀಮೆಎಣ್ಣೆ ಅಥವಾ ಕೋವಿ ಸಾಲ್ವೆಂಟ್ ಹಚ್ಚಿ ಹದಿನೈದು ಇಪ್ಪತ್ತು ಸಲ ಪೂರ್ತಿ ಉದ್ದಕ್ಕೆ ಎಳೆದಾಡಿ. ಬ್ರಶ್ ನಳಿಕೆಯ ನಡುವೆ ಇರುವಾಗ ದಿಕ್ಕು ಬದಲಿಸಬೇಡಿ, ತಂತಿಗಳು ಮಡಚಿ ಸಿಕ್ಕಿಕೊಳ್ಳುತ್ತವೆ. ಹತ್ತು ನಿಮಿಷ ಹಾಗೇ ಬಿಡಿ. ಮತ್ತೆ ಬಟ್ಟೆ ಹಾಕಿ. ಮೊದಲ ಬಟ್ಟೆ ಕಪ್ಪಗೆ ಬರುತ್ತದೆ, ಎರಡನೆಯದು ಬೂದು. ಬಿಳಿ ಹೋಗಿ ಬಿಳಿಯೇ ಬರುವವರೆಗೆ ಬದಲಿಸುತ್ತಾ ಇರಿ.

ಈಗ ನಳಿಕೆಯನ್ನು ಬೆಳಕಿರುವ ಆಕಾಶಕ್ಕೆ ಹಿಡಿದು ಒಳಗೆ ನೋಡಿ. ಈ ನೋಟಕ್ಕೆ ಅವಸರ ಮಾಡಬೇಡಿ. ಒಳ್ಳೆಯ ನಳಿಕೆಯಲ್ಲಿ ಬೆಳಕು ಒಂದರೊಳಗೊಂದು ದುಂಡಗಿನ ಉಂಗುರಗಳಾಗಿ ಕಾಣುತ್ತದೆ. ಗೂಡಿನ ಮುಂದೆಯೂ ಬಾಯಿಯ ಹತ್ತಿರ ಸಣ್ಣಗಾಗುವ ಕಡೆಯೂ ಉದ್ದುದ್ದ ಬೂದು ಗೆರೆ ಕಂಡರೆ ಅದು ಸೀಸ ಅಥವಾ ತೋಟೆಯ ಪ್ಲಾಸ್ಟಿಕ್ ಬಟ್ಟಲಿನ ಉಳಿಕೆ. ಬ್ರಶ್ ಮತ್ತೆ ಹಾಕಿದರೆ ಬಿಡುತ್ತದೆ. ಈ ಗೆರೆಯನ್ನು ಬಿಟ್ಟರೆ ಅದರ ಅಡಿಯಲ್ಲಿ ತೇವ ಕೂತು, ಮೇಲೆ ಏನೂ ಕಾಣದೆ ತುಕ್ಕು ಬೆಳೆಯುತ್ತದೆ. ಕಪ್ಪು ಚುಕ್ಕೆಗಳು ಕಂಡರೆ ತುಕ್ಕು ಆಗಲೇ ಗುಳಿ ಬಿಟ್ಟಿದೆ ಅಂತ ಅರ್ಥ. ಗುಳಿ ಉಜ್ಜಿದರೆ ಹೋಗುವುದಿಲ್ಲ, ಎಣ್ಣೆ ಹಾಕಿ ಅದು ಬೆಳೆಯದಂತೆ ತಡೆಯಬಹುದು ಅಷ್ಟೇ. ಒಂದು ಕಡೆ ಮಾತ್ರ ಕಪ್ಪು ನೆರಳಿನ ಉಂಗುರ ಕಂಡರೆ ಅಲ್ಲಿ ನಳಿಕೆ ಉಬ್ಬಿದೆ. ಹೊರಮೈ ಮೇಲೆ ಬೆರಳು ಸವರಿ ನೋಡಿ, ಉಬ್ಬು ಕೈಗೆ ಸಿಗುತ್ತದೆ. ಅಂಥ ಕೋವಿಯನ್ನು ಪೂಜೆಗೆ ಇಡಿ, ಗುಂಡು ಹೊಡೆಯಬೇಡಿ.

ಇನ್ನೊಂದು ಎಚ್ಚರಿಕೆ. ಕೆಲವು ತುಂಬಾ ಹಳೆಯ ನಳಿಕೆಗಳ ಮೇಲೆ ಅಲೆ ಅಲೆಯಾದ ಸುಂದರ ವಿನ್ಯಾಸ ಇರುತ್ತದೆ. ಅವು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಮಾಡಿದ ಡಮಾಸ್ಕಸ್ ನಳಿಕೆಗಳು. ಕರಿಮದ್ದಿನ ಕಾಲದವು. ಈಗಿನ ತೋಟೆಯ ಒತ್ತಡಕ್ಕೆ ಮಾಡಿದ್ದಲ್ಲ. ಹಾಗೆಯೇ ಹಳೆ ಇಂಗ್ಲಿಷ್ ಕೋವಿಗಳ ಗೂಡು ಎರಡೂವರೆ ಇಂಚು ಇರುವುದುಂಟು, ಈಗಿನ ತೋಟೆ ಹೆಚ್ಚಿನವು ಎರಡೂಮುಕ್ಕಾಲು ಇಂಚು. ತೋಟೆ ಒಳಗೆ ಕೂರುತ್ತದೆ, ಮುಚ್ಚಲೂ ಬರುತ್ತದೆ, ಆದರೆ ಹೊಡೆದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಕೆಯ ಅಡಿಭಾಗದ ಮುದ್ರೆಗಳನ್ನು ತಿಳಿದವರಿಗೆ ತೋರಿಸಿ ಕೇಳಿಕೊಳ್ಳಿ.

ಹೊರಮೈ, ತುಕ್ಕು, ಮರ

ಹೊರಗಿನ ತುಕ್ಕಿಗೆ ಹುಣಸೆಹಣ್ಣು, ಇಟ್ಟಿಗೆ ಪುಡಿ, ನಿಂಬೆ ಇವೆಲ್ಲ ಪಾತ್ರೆಗೆ ಸರಿ, ಕೋವಿಗಲ್ಲ. ಅಡುಗೆಗೆ ಹಾಕುವ ಕಪ್ಪು ಹುಳಿ ಕಾಚಂಪುಳಿ ಅಂತೂ ದೂರವಿಡಿ. ಹುಳಿ ಯಾವುದಾದರೂ ನಳಿಕೆಯ ನೀಲಿಗಪ್ಪು ಬಣ್ಣವನ್ನು ನಿಮಿಷಗಳಲ್ಲಿ ತಿಂದು ಹಾಕುತ್ತದೆ. ಆ ಬಣ್ಣ ಅಂದಕ್ಕಷ್ಟೇ ಇರುವುದಲ್ಲ, ಎಣ್ಣೆ ಹಿಡಿದಿಟ್ಟುಕೊಳ್ಳುವ ಪದರ ಅದೇ. ತುಕ್ಕಿನ ಚುಕ್ಕೆಯ ಮೇಲೆ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಂದು ಹಳೆ ತಾಮ್ರದ ಕಾಸಿನ ಅಂಚಿನಿಂದ ಮೆಲ್ಲಗೆ ಕೆರೆಯಿರಿ. ತಾಮ್ರ ತುಕ್ಕನ್ನು ಎಬ್ಬಿಸುತ್ತದೆ, ಉಕ್ಕಿಗೆ ಗೀರು ಹಾಕುವಷ್ಟು ಗಟ್ಟಿ ಇಲ್ಲ. ಅದಕ್ಕೂ ಬಿಡದಿದ್ದರೆ ನಾಲ್ಕು ಸೊನ್ನೆ ನಂಬರಿನ ಅತಿ ನಯವಾದ ಸ್ಟೀಲ್ ವೂಲ್ ಅನ್ನು ಎಣ್ಣೆಯಲ್ಲಿ ಅದ್ದಿ ಹಗುರವಾಗಿ ಉಜ್ಜಿ. ಕೆಂಪು ರಸ ಬಟ್ಟೆಗೆ ಬರುತ್ತದೆ, ಅಡಿಯ ಬಣ್ಣ ಉಳಿಯುತ್ತದೆ.

ಮುರಿಯುವ ಕಡೆಯ ಕೀಲಿಗೆ ಚೂರು ಗ್ರೀಸ್, ಉಳಿದ ಚಲಿಸುವ ಭಾಗಗಳಿಗೆ ಒಂದೊಂದು ಹನಿ ಎಣ್ಣೆ. ಹನಿ ಅಂದ್ರೆ ಹನಿಯೇ. ತೋಟೆಯ ಬುಡ ತಾಗುವ ಮುಖವನ್ನು, ಪಿನ್ನು ಹೊರಬರುವ ಸಣ್ಣ ತೂತುಗಳನ್ನು ಹಲ್ಲುಜ್ಜುವ ಬ್ರಶ್‌ನಿಂದ ಶುಚಿ ಮಾಡಿ ಒರೆಸಿ. ಪಕ್ಕದ ತಗಡಿನ ಸ್ಕ್ರೂಗಳನ್ನು ಮಾತ್ರ ಬಿಚ್ಚಬೇಡಿ. ಅವುಗಳ ತಲೆಯ ಸೀಳು ತುಂಬಾ ಕಿರಿದು, ಮನೆಯ ಸ್ಕ್ರೂಡ್ರೈವರ್ ಹಾಕಿದರೆ ಅಂಚು ಕಿತ್ತು ಬರುತ್ತದೆ. ಒಳಗಿನ ಸ್ಪ್ರಿಂಗ್ ಹಾರಿದರೆ ಮತ್ತೆ ಕೂರಿಸಲು ಸಲಕರಣೆ ಬೇರೆ ಬೇಕು.

ಮರದ ಹಿಡಿಗೆ ಕೋವಿ ಎಣ್ಣೆ ತಾಗಬಾರದು. ಲೋಹದ ಎಣ್ಣೆ ಕುಡಿದ ಮರ ಕಪ್ಪಾಗಿ ಮೆತ್ತಗಾಗುತ್ತದೆ, ಕೊನೆಗೆ ಲೋಹ ಸೇರುವ ಜಾಗದಲ್ಲಿ ಸೀಳು ಬಿಡುತ್ತದೆ. ಮರಕ್ಕೆ ಅಗಸೆ ಎಣ್ಣೆ. ಬೂಷ್ಟು ಇದ್ದರೆ ಮೊದಲು ಒಣ ಬಟ್ಟೆಯಲ್ಲಿ ಒರೆಸಿ, ಒಂದು ದಿನ ಗಾಳಿಗೆ ಬಿಡಿ. ಆಮೇಲೆ ನಾಲ್ಕೈದು ಹನಿ ಅಗಸೆ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು ಮರ ಬೆಚ್ಚಗಾಗುವವರೆಗೆ ಉಜ್ಜಿ. ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿಸುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿ ಎಸೆಯಿರಿ.

ಕೇಪಿನ ಕೋವಿಗೆ ಬಿಸಿನೀರು

ಕರಿಮದ್ದು ಸುಟ್ಟ ಮೇಲೆ ಉಳಿಯುವುದು ಬರೀ ಮಸಿಯಲ್ಲ, ಜೊತೆಗೆ ಲವಣಗಳೂ ಇರುತ್ತವೆ. ಅವು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಸುಗ್ಗಿ ಹಬ್ಬ ಪುತ್ತರಿಯಂದು ಕದಿರು ತೆಗೆಯುವಾಗ ಒಂದು ಈಡು ಹಾರಿಸಿ ಕೋವಿಯನ್ನು ಹಾಗೇ ಮೂಲೆಗಿಟ್ಟರೆ ಮರುದಿನ ಬೆಳಿಗ್ಗೆಗೇ ನಳಿಕೆಯಲ್ಲಿ ತುಕ್ಕು ಶುರುವಾಗಿರಬಹುದು. ಎಣ್ಣೆಯಾಗಲಿ ಸೀಮೆಎಣ್ಣೆಯಾಗಲಿ ಈ ಲವಣವನ್ನು ಕರಗಿಸುವುದಿಲ್ಲ. ನೀರೇ ಬೇಕು. ಉಕ್ಕಿಗೆ ನೀರು ಹಾಕಲು ಜನ ಹೆದರುತ್ತಾರೆ, ಆದರೆ ಇಲ್ಲಿ ಅದೊಂದೇ ದಾರಿ.

ಅದೇ ದಿನ ರಾತ್ರಿಯೊಳಗೆ ಮಾಡಿ. ನಳಿಕೆಯನ್ನು ಮರದಿಂದ ಬಿಡಿಸಿ, ಕೇಪಿನ ಮೊಲೆಯನ್ನು ಅದರ ಕೀಲಿಯಿಂದ ತಿರುಗಿಸಿ ತೆಗೆಯಿರಿ. ನಳಿಕೆಯ ಬುಡವನ್ನು ಸೋಪು ಹಾಕಿದ ಬಿಸಿನೀರಿನ ಬಕೆಟ್‌ನಲ್ಲಿ ಇಳಿಸಿ. ಗಜಕ್ಕೆ ಬಿಗಿಯಾಗಿ ಬಟ್ಟೆ ಸುತ್ತಿ ಮೇಲಿನಿಂದ ಎಳೆದಾಡಿದರೆ ಪಂಪಿನಂತೆ ನೀರು ಒಳಗೆ ಬಂದು ಹೋಗುತ್ತದೆ. ಮೊದಲು ಕಪ್ಪು ನೀರು, ಕೊಳೆತ ಮೊಟ್ಟೆಯ ವಾಸನೆ. ಅದು ಮದ್ದಿನ ಗಂಧಕದ್ದು. ನೀರು ತಿಳಿಯಾಗುವವರೆಗೆ ಬದಲಿಸಿ. ಕೊನೆಗೆ ಕುದಿಯುವ ನೀರನ್ನು ಬಾಯಿಯಿಂದ ಹೊಯ್ಯಿರಿ. ನಳಿಕೆಯನ್ನು ದಪ್ಪ ಬಟ್ಟೆಯಲ್ಲಿ ಹಿಡಿದುಕೊಳ್ಳಿ, ಕೈ ಸುಡುವಷ್ಟು ಬಿಸಿಯಾಗುತ್ತದೆ. ಆ ಬಿಸಿಯೇ ಒಳಗಿನ ನೀರನ್ನು ಒಣಗಿಸುವುದು. ಒಣ ಬಟ್ಟೆ ಎರಡು ಸಲ ಹಾಕಿ, ನಳಿಕೆ ಇನ್ನೂ ಉಗುರುಬೆಚ್ಚಗಿರುವಾಗಲೇ ಎಣ್ಣೆ ಸವರಿ. ಮೂರು ದಿನ ಬಿಟ್ಟು ಮತ್ತೆ ಒಂದು ಬಿಳಿ ಬಟ್ಟೆ ಹಾಕಿ ನೋಡಿ. ಕಂದು ಬಣ್ಣ ಬಂದರೆ ಲವಣ ಉಳಿದಿದೆ, ಇನ್ನೊಮ್ಮೆ ತೊಳೆಯಬೇಕು.

ಪೂಜೆಯ ದಿನ

ಕೈಲ್ ಪೊಳ್ದ್‌ನಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲವನ್ನೂ ದೇವರ ಕೋಣೆಯಲ್ಲಿಟ್ಟು ಗಂಧ ಹಚ್ಚಿ, ತೋಕ್ ಪೂವಿನಿಂದ (ಕೋವಿ ಹೂ) ಸಿಂಗರಿಸುತ್ತಾರೆ. ಗಂಧ ಅಂದರೆ ನೀರಲ್ಲಿ ತೇಯ್ದದ್ದು. ಅದು ಒಣಗಿದ ಮೇಲೂ ಅಡಿಯಲ್ಲಿ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮರುವರ್ಷ ನೋಡಿದರೆ ಬೊಟ್ಟು ಇಟ್ಟ ಜಾಗದಲ್ಲಿ ದುಂಡಗೆ ತುಕ್ಕು. ಎಷ್ಟೋ ಕೋವಿಗಳ ಮೇಲೆ ಈ ಗುರುತು ಕಾಣಬಹುದು. ಪೂಜೆಗೆ ಇಡುವ ಮೊದಲು ನಳಿಕೆಗೆ ಎಣ್ಣೆಯ ತೆಳು ಪದರ ಇರಲಿ. ಬೊಟ್ಟನ್ನು ಸಾಧ್ಯವಾದರೆ ಮರದ ಹಿಡಿಯ ಮೇಲೆ ಇಡಿ. ಪೂಜೆ ಮುಗಿದು ಕೋವಿ ಹೊರಗೆ ತಂದ ಮೇಲೆ ಗಂಧ, ಕುಂಕುಮ, ಹೂವಿನ ರಸ ಎಲ್ಲವನ್ನೂ ಅದೇ ದಿನ ಒರೆಸಿ ಹೊಸದಾಗಿ ಎಣ್ಣೆ ಸವರಿ. ಹಬ್ಬದ ದಿನ ಎಲ್ಲರೂ ಕೋವಿ ಮುಟ್ಟುತ್ತಾರೆ, ಮುಟ್ಟಲಿ. ಬೆವರಿನ ಉಪ್ಪು ಮಾತ್ರ ರಾತ್ರಿವರೆಗೆ ಉಳಿಯಬಾರದು.

ತೋಕ್ ಪೂವಿನ ಗಿಡ ಬೇರಿನಿಂದ ಬೀಜದವರೆಗೆ ವಿಷ, ಗೆಡ್ಡೆ ಅಂತೂ ಪ್ರಾಣಕ್ಕೇ ಅಪಾಯ. ಹೂ ಕಟ್ಟಿದ ಮೇಲೆ ಕೈ ತೊಳೆದೇ ಹಬ್ಬದ ಅಕ್ಕಿ ಕಡುಬು ಕಡುಂಬುಟ್ಟಿಗೆ ಕೈ ಹಾಕಿ. ಬಾಡಿದ ಹೂವನ್ನು ಮಕ್ಕಳು, ದನಕರು ತಿನ್ನದ ಕಡೆ ಹಾಕಿ. ನಳಿಕೆಯ ಬಾಯಿಗೆ ಹೂ ಸಿಕ್ಕಿಸಿದ್ದರೆ ಅದನ್ನು ತೆಗೆದು, ಕೋವಿ ಮುರಿದು, ಬೆಳಕಿಗೆ ಹಿಡಿದು ಒಳಗೆ ನೋಡಲೇಬೇಕು. ಅದೇ ಮಧ್ಯಾಹ್ನ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ ಇರುತ್ತದೆ ಅಲ್ವಾ? ಒಳಗೆ ಒಂದು ತೊಟ್ಟು, ಬಟ್ಟೆಯ ಚೂರು, ನಿಂತ ಎಣ್ಣೆ, ಏನೇ ಅಡ್ಡ ಇದ್ದರೂ ನಳಿಕೆ ಉಬ್ಬಬಹುದು, ಸಿಡಿಯಬಹುದು. ಹೊಡೆಯುವ ಮೊದಲು ಒಣ ಬಟ್ಟೆ ಒಂದು ಸಲ ಹಾಯಿಸಿ. ಮಳೆಯಲ್ಲಿ ಉಬ್ಬಿದ ಕಾಗದದ ತೋಟೆಯನ್ನು ಒತ್ತಿ ಕೂರಿಸಬೇಡಿ.

ಎಲ್ಲಿ, ಹೇಗೆ ಇಡುವುದು

ಚರ್ಮದ ಚೀಲ ನೋಡಲು ಚೆಂದ, ಪ್ರಯಾಣಕ್ಕೆ ಸರಿ. ಮನೆಯಲ್ಲಿ ಕೋವಿಯನ್ನು ಅದರೊಳಗೆ ಇಡಬೇಡಿ. ಚರ್ಮ ತೇವ ಹೀರುತ್ತದೆ, ಹದ ಮಾಡಿದ ಲವಣವೂ ಅದರಲ್ಲಿರುತ್ತದೆ. ಪ್ಲಾಸ್ಟಿಕ್ ಕವರ್ ಇನ್ನೂ ಕೆಟ್ಟದ್ದು, ಒಳಗೇ ಬೆವರುತ್ತದೆ. ಮೊದಲೆಲ್ಲ ಒಲೆಯ ಮೇಲಿನ ಗೋಡೆಗೆ ಕೋವಿ ತೂಗುಹಾಕುತ್ತಿದ್ದರು. ತುಕ್ಕು ಬರುತ್ತಿರಲಿಲ್ಲ ನಿಜ. ಆದರೆ ಹೊಗೆಯ ಜಿಡ್ಡು ಹಿಡಿದು ಮರ ಒಣಗಿ ಬಿರಿಯುತ್ತಿತ್ತು. ಈಗ ಬೀಗವಿಲ್ಲದ ಕಡೆ ಕೋವಿ ಇಡುವುದೂ ಸರಿಯಲ್ಲ.

ಹೊರಗೋಡೆಗೆ ತಾಗದ, ಬೀಗ ಇರುವ ಮರದ ಅಥವಾ ಕಬ್ಬಿಣದ ಬೀರು ಒಳ್ಳೆಯದು. ಬೀರುವಿನ ತಳದಲ್ಲಿ ಹಳೆ ಕಾಲದ ತಂತಿಯ ಝೀರೋ ಬಲ್ಬ್ ಒಂದನ್ನು ಮಳೆಗಾಲವಿಡೀ ಉರಿಸಿದರೆ ಒಳಗಿನ ಗಾಳಿ ಹೊರಗಿಗಿಂತ ಸ್ವಲ್ಪ ಬೆಚ್ಚಗಿದ್ದು ತೇವ ಕೂರುವುದಿಲ್ಲ. ಎಲ್‌ಇಡಿ ಬಲ್ಬ್‌ನಿಂದ ಈ ಕೆಲಸ ಆಗದು, ಅದಕ್ಕೆ ಬಿಸಿಯೇ ಸಾಲದು. ಬಲ್ಬ್‌ಗೆ ಬಟ್ಟೆ, ಮರ ತಾಗದಂತೆ ತಂತಿಯ ಗೂಡು ಮಾಡಿ, ತೋಟೆಗಳನ್ನು ಆ ಬೀರುವಿನಲ್ಲಿ ಇಡಲೇಬೇಡಿ. ಕರೆಂಟ್ ನಂಬಲಾಗದ ಊರಿನಲ್ಲಿ ನೀಲಿ ಸಿಲಿಕಾ ಹರಳು ಬಟ್ಟೆ ಚೀಲದಲ್ಲಿ ಕಟ್ಟಿ ತೂಗುಹಾಕಿ. ತೇವ ಕುಡಿದಂತೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಬಣ್ಣಕ್ಕೆ ಹಾಕುವ ಕೋಬಾಲ್ಟ್ ವಿಷ, ಆದ್ದರಿಂದ ಆ ಬಾಣಲೆಯನ್ನು ಬೇರೆಯೇ ಇಡಿ.

ಕೋವಿಯನ್ನು ನಳಿಕೆ ಕೆಳಗೆ, ಹಿಡಿ ಮೇಲೆ ಬರುವಂತೆ ನಿಲ್ಲಿಸಿ, ಬಾಯಿಯ ಅಡಿಗೆ ಮಡಚಿದ ಬಟ್ಟೆ ಇಡಿ. ಹೆಚ್ಚಿನವರು ಇದಕ್ಕೆ ಉಲ್ಟಾ ನಿಲ್ಲಿಸುತ್ತಾರೆ. ಆಗ ನಳಿಕೆಯ ಎಣ್ಣೆಯೆಲ್ಲ ತಿಂಗಳುಗಟ್ಟಲೆ ಇಳಿದು ಒಳಗಿನ ಯಂತ್ರಕ್ಕೂ ಅಲ್ಲಿಂದ ಮರದ ತಲೆಗೂ ಸೇರುತ್ತದೆ. ತೋಟೆಗಳು ಬೇರೆ ಕೋಣೆಯಲ್ಲಿ, ಬೇರೆ ಬೀಗದಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ ಇರಲಿ. ಎರಡರ ಬೀಗದ ಕೈ ಒಂದೇ ಗೊಂಚಲಲ್ಲಿ ಬೇಡ.

ಹದಿನೈದು ದಿನಕ್ಕೊಮ್ಮೆ ಬೀರು ತೆಗೆದು, ಕೋವಿ ಮುರಿದು ಖಾಲಿ ಇದೆಯೆಂದು ನೋಡಿ, ಎಣ್ಣೆ ತಾಗಿಸಿದ ಬಟ್ಟೆಯಿಂದ ನಳಿಕೆಯ ಹೊರಮೈ ಒಮ್ಮೆ ಸವರಿ, ಒಳಗೆ ಮಾಪ್ ಒಂದು ಸಲ ಹಾಯಿಸಿ ಮತ್ತೆ ಇಡಿ. ಐದು ನಿಮಿಷದ ಕೆಲಸ. ಅದೇ ಬಟ್ಟೆಯಲ್ಲಿ ಒಡಿಕತ್ತಿಯ ಅಲಗನ್ನೂ ಒರೆಸಿಬಿಡಿ.